ಕೆರೆಗೆ ಬರಬೇಕಾದ ನೀರು ಎಲ್ಲಿ ಹೋಯಿತು, ಮೇಷ್ಟ್ರೇ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ನಿವೃತ್ತ ಶಾಲಾ ಶಿಕ್ಷಕ. ಅಕ್ಕಪಕ್ಕದ ಮೂರು ಊರಿನವರು ಸೇರಿ ಒಂದು ವರ್ಷ ನೆಲ, ಜಲ ಉಳಿಸುವ ಕೆಲಸ ಮಾಡಿದೆವು. ಬೇಸಿಗೆಯಲ್ಲಿ ಜೆಸಿಬಿ ಇಳಿಸಿ ಕೆರೆ ಹೂಳು ತೆಗೆಸಿದೆವು. ಜೂನ್ 5ರ ಪರಿಸರ ದಿನಕ್ಕೆ ಗೋಮಾಳದಲ್ಲಿ 2,000 ಸಸಿ ನೆಟ್ಟೆವು. ಹಳ್ಳಕ್ಕೆ 2 ಚೆಕ್ ಡ್ಯಾಂ, ಹೊಲಗಳಲ್ಲಿ 11 ಕೃಷಿ ಹೊಂಡ ಆದವು. ಮಳೆಯೂ ಮೋಸ ಮಾಡಲಿಲ್ಲ. ಆದರೂ ನಮ್ಮ 40 ಎಕರೆ ಕೆರೆಗೆ ಮೊಣಕಾಲುದ್ದ ನೀರು ಬಂತು ಅಷ್ಟೇ, ಸಂಕ್ರಾಂತಿ ಹೊತ್ತಿಗೆ ಅದೂ ಇಲ್ಲ. ಬೋರ್‌ವೆಲ್‌ಗಳಲ್ಲೂ ಏರಿಕೆ ಕಾಣಲಿಲ್ಲ. ಹೊಂಡ ತೋಡಿದ್ದಕ್ಕೇ ಕೆರೆಗೆ ನೀರು ತಪ್ಪಿತು ಎಂದು ಊರಲ್ಲಿ ಜಗಳ ಎದ್ದಿದೆ. ಬೆಂಗಳೂರಿನ ಕೊಳಚೆ ಶುದ್ಧೀಕರಿಸಿ ಕಳಿಸುವ ಎಚ್.ಎನ್. ವ್ಯಾಲಿ ನೀರು ತರಿಸೋಣ ಎನ್ನುವವರು ಒಂದು ಕಡೆ, ಬೆಂಗಳೂರಿನ ಕೊಳಚೆ ನಮಗೆ ಬೇಡ ಎನ್ನುವವರು ಇನ್ನೊಂದು ಕಡೆ. ನಾವು ಎಲ್ಲಿ ಎಡವಿದೆವು? ಎರಡನೇ ವರ್ಷ ಏನು ಮಾಡಬೇಕು? ಹವಾಮಾನ ಬದಲಾವಣೆ ಅನ್ನುತ್ತಾರಲ್ಲ, ಅದಕ್ಕೂ ನಮ್ಮ ಕೆಲಸಕ್ಕೂ ಏನಾದರೂ ಸಂಬಂಧ ಇದೆಯೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೂಳು ಇದೆ, ಸಸಿ ಇದೆ, ಡ್ಯಾಂ ಇದೆ, ಹೊಂಡ ಇದೆ. ಮಳೆನೀರನ್ನು ಕೆರೆಗೆ ತಂದು ಸೇರಿಸುವ ರಾಜಕಾಲುವೆ ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ನನ್ನ ಉತ್ತರದಲ್ಲಿ ಅರ್ಧ ಅದರ ಬಗ್ಗೆಯೇ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಹೊಂಡದ ಜಗಳ ಮುಗಿಸೋಣ, ಅದು ಲೆಕ್ಕದಲ್ಲೇ ತೀರುವಂಥದ್ದು. ವರ್ಷಕ್ಕೆ 700 ಮಿ.ಮೀ. ಮಳೆ ಅಂತ ಹಿಡಿದರೆ ಒಂದು ಎಕರೆ ಮೇಲೆ ಬೀಳುವ ನೀರು ಸುಮಾರು 28 ಲಕ್ಷ ಲೀಟರ್. ನಿಮ್ಮ ಕೆರೆಗೆ 500 ಎಕರೆಯ ನೀರು ಇಳಿದು ಬರುತ್ತದೆ ಎಂದಿಟ್ಟುಕೊಳ್ಳಿ (ನಿಜವಾದ ಅಂಕಿ ನಕ್ಷೆ ನೋಡಿ ತಿದ್ದಿಕೊಳ್ಳಿ). ಒಟ್ಟು 140 ಕೋಟಿ ಲೀಟರ್. ನಮ್ಮ ಕೆಂಪು ನೆಲದಲ್ಲಿ ಇದರ ಬಹುಪಾಲು ಮಣ್ಣಿಗೆ ಇಳಿಯುತ್ತದೆ, ಆವಿಯಾಗುತ್ತದೆ, ಗಿಡ ಕುಡಿಯುತ್ತದೆ. ಹರಿದು ಬರುವುದು ನೂರಕ್ಕೆ ಹತ್ತು ಪಾಲು ಅಂದರೆ 14 ಕೋಟಿ ಲೀಟರ್. ಅದನ್ನು 40 ಎಕರೆ ಕೆರೆಯಲ್ಲಿ ಹರಡಿದರೆ ಸರಾಸರಿ ಮೂರಡಿಗೆ ಸ್ವಲ್ಪ ಕಡಿಮೆ ಆಳ. ನಿಮಗೆ ಬಂದದ್ದು ಮೊಣಕಾಲುದ್ದ, ಅಂದರೆ ಒಂದೂವರೆ ಅಡಿ. ಹತ್ತಿರ ಹತ್ತಿರ 7 ಕೋಟಿ ಲೀಟರ್ ಖೋತಾ.

ಈಗ ಹೊಂಡ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡಕ್ಕೆ, ಪಕ್ಕದ ಇಳಿಜಾರು ಕಳೆದರೆ, ಹೆಚ್ಚೆಂದರೆ 10 ಲಕ್ಷ ಲೀಟರ್ ಹಿಡಿಯುತ್ತದೆ. 11 ಹೊಂಡಕ್ಕೆ 1 ಕೋಟಿ ಚಿಲ್ಲರೆ. ಎರಡು ಸಲ ತುಂಬಿ ಖಾಲಿ ಮಾಡಿದರೂ 2 ಕೋಟಿ ಚಿಲ್ಲರೆ. ಉಳಿದ 5 ಕೋಟಿ ಲೀಟರ್ ನೀರನ್ನು ಹೊಂಡದವರ ಮೇಲೆ ಹೊರಿಸಿ ಜಗಳ ಆಡುವುದು ನ್ಯಾಯ ಅಲ್ಲ. ಒಂದು ಮಾತು ಮಾತ್ರ ಅವರಿಗೂ ಹೇಳಿ: ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ರಾತ್ರಿಯೆಲ್ಲ ಬೋರ್‌ವೆಲ್ ನೀರು ತುಂಬಿಸಿ ಬಿಸಿಲಿಗೆ ಒಣಗಿಸುವುದು ಮಳೆ ಕೊಯ್ಲು ಅಲ್ಲ. ಪಾತಾಳದ ನೀರನ್ನು ಆಕಾಶಕ್ಕೆ ಕಳಿಸುವ ಕೆಲಸ ಅದು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕಡೆ ಇಂಥ ಹೊಂಡ ಬೇಕಾದಷ್ಟು ನೋಡಿದ್ದೇನೆ.

ಹಾಗಾದರೆ ನೀರು ಎಲ್ಲಿ ಹೋಯಿತು? ದಾರಿಯಲ್ಲಿ.

ನಮ್ಮದು ನದಿ ಹುಟ್ಟುವ ಸೀಮೆಯೇ ಹೊರತು ನದಿ ಹರಿಯುವ ಸೀಮೆಯಲ್ಲ. ನಂದಿ ಬೆಟ್ಟದ ಸುತ್ತಿನಿಂದ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ ಒಂದೊಂದು ದಿಕ್ಕಿಗೆ ಹೊರಟು ಹೋಗುತ್ತವೆ. ಹೊಳೆ ಕೈಗೆ ಸಿಗದ ಮೇಲೆ ಹಿರಿಯರು ಮಳೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಹಿಡಿದರು. ಮೇಲಿನ ಕುಂಟೆ ತುಂಬಿ ಕೋಡಿ ಹೋದರೆ ನಡುವಿನ ಕೆರೆ, ಅದು ಕೋಡಿ ಹೋದರೆ ಕೆಳಗಿನ ದೊಡ್ಡ ಕೆರೆ. ಈ ಕೆರೆಗಳಿಗೆ ಎಷ್ಟು ಬೆಲೆ ಇತ್ತೆಂದರೆ, 1892ರಲ್ಲಿ ಮೈಸೂರು ಮತ್ತು ಮದರಾಸಿನ ನಡುವೆ ಆದ ನೀರಿನ ಒಪ್ಪಂದದಲ್ಲಿ ಪಾಲಾರ್, ಪಿನಾಕಿನಿ, ಚಿತ್ರಾವತಿಯ ಹೆಸರೂ ಇವೆ. ನಮ್ಮ ಕಡೆ ಹೊಸ ಕಟ್ಟೆ ಕಟ್ಟಿದರೆ ಕೆಳಗಿನವರಿಗೆ ನೀರು ತಪ್ಪುತ್ತದೆ ಎಂಬ ಭಯ ಆಗಲೇ ಇತ್ತು! ಇಂಥ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಕೆಳಗಿನ ಕೆರೆಯನ್ನು ಎಷ್ಟು ಆಳ ತೋಡಿದರೂ ಅಷ್ಟೇ.

ಒಂದು ಸಂಗತಿ ಹೇಳುತ್ತೇನೆ. ಮುಳಬಾಗಿಲಿನ ಕಡೆ ಒಂದೂರಲ್ಲಿ ನಿಮ್ಮದೇ ದೂರು. ಹೂಳು ತೆಗೆದಾಗಿತ್ತು, ಏರಿ ಮೇಲಿನ ಜಾಲಿ ಕಿತ್ತಾಗಿತ್ತು, ನೀರು ಮಾತ್ರ ಬರುತ್ತಿರಲಿಲ್ಲ. ಹಿಂದೆ ಕೆರೆ ನೀರು ಹಂಚುವ ನೀರುಗಂಟಿಯಾಗಿದ್ದ ತಾತನೊಬ್ಬರನ್ನು ಕರೆದುಕೊಂಡು ಕಾಲುವೆ ಹಿಡಿದು ಮೇಲಕ್ಕೆ ನಡೆದೆವು. ತಾತನ ಕೈಯಲ್ಲಿ ಒಂದು ಬಿದಿರು ಕೋಲು, ಕಾಲಲ್ಲಿ ಹರಿದ ಚಪ್ಪಲಿ. ಮುಕ್ಕಾಲು ಕಿಲೋಮೀಟರ್ ನಡೆದ ಮೇಲೆ ಹೊಸ ಡಾಂಬರು ರಸ್ತೆ ಅಡ್ಡ ಬಂತು. ರಸ್ತೆ ಅಡಿಗೆ ಸಿಮೆಂಟ್ ಪೈಪ್ ಹಾಕಿದ್ದರು, ಕಾಗದದ ಮೇಲೆ ಎಲ್ಲ ಸರಿ. ತಾತ ಕೆಳಗಿಳಿದು ಪೈಪಿನ ಬಾಯಿಗೆ ಕೋಲು ತಾಗಿಸಿ, ಆಮೇಲೆ ಕಾಲುವೆ ತಳಕ್ಕೆ ಊರಿ, ಬೆರಳಲ್ಲಿ ಗುರುತು ಹಿಡಿದು ನನಗೆ ತೋರಿಸಿದರು. ಪೈಪಿನ ಬಾಯಿ ಕಾಲುವೆ ತಳಕ್ಕಿಂತ ಒಂದೂವರೆ ಅಡಿ ಮೇಲಿತ್ತು. ಮೇಲಿಂದ ಬಂದ ನೀರು ಅಲ್ಲಿ ನಿಂತು, ಎಡಕ್ಕೆ ತಿರುಗಿ, ಒಂದು ರಾಗಿ ಹೊಲಕ್ಕೆ ನುಗ್ಗುತ್ತಿತ್ತು. ಹೊಲದವನು ಬೆಳೆ ಉಳಿಸಿಕೊಳ್ಳಲು ಬದು ಕಡಿದು ನೀರನ್ನು ಆಚೆ ಹಳ್ಳಕ್ಕೆ ಬಿಟ್ಟಿದ್ದ. ಆ ಹಳ್ಳ ಬೇರೆಯೇ ಊರಿನ ಕೆರೆಗೆ ಹೋಗುತ್ತದೆ. ಯಾರೂ ಕದ್ದಿರಲಿಲ್ಲ, ಯಾರೂ ಒತ್ತುವರಿ ಮಾಡಿರಲಿಲ್ಲ. ಪೈಪ್ ಕಿತ್ತು ತಗ್ಗಿಸಲು ಎರಡು ದಿನ ಸಾಕಾಯಿತು; ಅದಕ್ಕೆ ಒಪ್ಪಿಗೆ ತರಲು ಹನ್ನೊಂದು ತಿಂಗಳು ಬೇಕಾಯಿತು.

ನಿಮ್ಮಲ್ಲೂ ಹೀಗೇ ಆಗಿದೆ ಅಂತ ಇಲ್ಲಿ ಕೂತು ಹೇಳಲಾರೆ. ಕಾಲುವೆ ತೋಟದೊಳಗೆ ಸೇರಿಕೊಂಡಿರಬಹುದು, ಲೇಔಟ್ ರಸ್ತೆ ಆಗಿರಬಹುದು, ಕಲ್ಲುಕ್ವಾರಿಯ ಧೂಳು ತುಂಬಿರಬಹುದು, ಇಲ್ಲವೇ ಮೇಲಿನ ಕೆರೆಯ ಕೋಡಿಗೆ ಯಾರೋ ಮರಳುಮೂಟೆ ಇಟ್ಟು ಎತ್ತರಿಸಿರಬಹುದು. ಆದ್ದರಿಂದ ಎರಡನೇ ವರ್ಷದ ಮೊದಲ ಮೂರು ತಿಂಗಳು ಒಂದು ರೂಪಾಯಿ ಖರ್ಚು ಮಾಡಬೇಡಿ, ನಡೆಯಿರಿ. ಭೂಮಾಪನ ಇಲಾಖೆಯಿಂದ ಮೂರೂ ಊರಿನ ಗ್ರಾಮ ನಕ್ಷೆ ತೆಗೆಸಿಕೊಳ್ಳಿ. ಕಾಲುವೆ ಸಾಮಾನ್ಯವಾಗಿ ಬಿ-ಖರಾಬಿನಲ್ಲಿ ಬರುತ್ತದೆ. ಅದು ಸಾರ್ವಜನಿಕ ಜಾಗ, ಯಾರ ಪಹಣಿಯಲ್ಲಿ ಸೇರಿಕೊಂಡಿದ್ದರೂ ಅವರ ಸ್ವತ್ತಾಗುವುದಿಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೇಯರ್ ಕರೆಸಿ ಹದ್ದು ಗುರುತಿಸಿ. ಪಂಚಾಯಿತಿಯಲ್ಲಿ ಕೇಳಿದರೆ ಸಣ್ಣ ನೀರಾವರಿಯವರನ್ನು ಕೇಳಿ ಅನ್ನುತ್ತಾರೆ, ಅಲ್ಲಿ ಹೋದರೆ ಪಂಚಾಯಿತಿ ಕಡೆ ಕೈ ತೋರಿಸುತ್ತಾರೆ. ಲೆಕ್ಕ ಇಷ್ಟೇ: ಅಚ್ಚುಕಟ್ಟು (ಕೆರೆ ನೀರುಣ್ಣುವ ಜಮೀನು) 40 ಹೆಕ್ಟೇರ್, ಅಂದರೆ ಸುಮಾರು 100 ಎಕರೆ ದಾಟಿದರೆ ಸಣ್ಣ ನೀರಾವರಿ ಇಲಾಖೆಯದ್ದು, ಅದಕ್ಕಿಂತ ಕಡಿಮೆಯಿದ್ದರೆ ಪಂಚಾಯತ್ ರಾಜ್ ಕಡೆಯದ್ದು. ಅಚ್ಚುಕಟ್ಟಿನ ಅಂಕಿ ಕೈಯಲ್ಲಿ ಹಿಡಿದು ಹೋಗಿ.

ಹೂಳಿನ ವಿಷಯದಲ್ಲಿ ನಾನೇ ಒಂದು ಸಲ ಕೆಟ್ಟವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಕೆರೆಯ ಏರಿ ಪಕ್ಕದಲ್ಲೇ ತೂಬಿನ ಮಟ್ಟಕ್ಕಿಂತ ಆರಡಿ ಕೆಳಗೆ ತೋಡಿಸಿ ಬೀಗಿದ್ದೆ. ಆ ವರ್ಷ ಬಂದ ಅಷ್ಟಿಷ್ಟು ನೀರು ಗುಂಡಿಯಲ್ಲೇ ಕೂತಿತು, ತೂಬಿಗೆ ಹತ್ತಲಿಲ್ಲ. ಎರಡನೇ ವರ್ಷ ಏರಿಯ ಬುಡದಲ್ಲಿ ಮಣ್ಣು ಜರುಗಿತು. ಅಚ್ಚುಕಟ್ಟಿನ ರೈತರೊಬ್ಬರು, «ಸಾರ್, ನೀವು ಕೆರೆ ಮಾಡ್ಲಿಲ್ಲ, ಬಾವಿ ಮಾಡ್ಬಿಟ್ರಿ» ಅಂದರು. ನಾಲ್ಕು ಜನರ ಎದುರಿಗೆ.

ಆದ್ದರಿಂದ ನೀವು ಏರಿಯಿಂದ ಎಷ್ಟು ದೂರ ಬಿಟ್ಟು ತೋಡಿದಿರಿ, ಗೋಡು (ಕೆರೆ ತಳದ ನುಣ್ಣನೆ ಜಿಗುಟು ಮಣ್ಣು) ಮುಗಿದು ಕೆಳಗಿನ ಗೊರಚು (ಒರಟು ಮಣ್ಣು) ಕಾಣುವಷ್ಟು ಇಳಿದಿರಾ ಅಂತ ನೋಡಿ. ಗೋಡಿನ ತೆಳು ಪದರ ಕೆರೆಯ ಅಂಗಳಕ್ಕೆ ಹಾಸಿದ ಚಾಪೆ ಇದ್ದಹಾಗೆ. ಪೂರಾ ಕಿತ್ತರೆ ನೀರು ಬೇಗ ಇಂಗುತ್ತದೆ. ನಿಮ್ಮ ನೀರು ಸಂಕ್ರಾಂತಿಗೇ ಮಾಯವಾದದ್ದಕ್ಕೆ ಇದೂ ಕಾರಣ ಇರಬಹುದು. ಇಂಗುವುದು ನಷ್ಟವೇನಲ್ಲ, ಅಂತರ್ಜಲಕ್ಕೆ ಹೋಗುತ್ತದೆ. ಆದರೆ ದನಕ್ಕೆ, ಮೀನಿಗೆ, ಮಡಿವಾಳರ ಕಲ್ಲಿಗೆ ಬೇಸಿಗೆಯಲ್ಲಿ ನೀರು ಬೇಕೆಂದರೆ ಚಾಪೆ ಉಳಿಸಬೇಕು. ಒಂದು ಹೆಕ್ಟೇರ್‌ನಲ್ಲಿ ಒಂದಡಿ ಹೂಳು ತೆಗೆದರೆ ಸಿಗುವುದು 30 ಲಕ್ಷ ಲೀಟರ್ ಜಾಗ, ಅದಕ್ಕೆ ಸುಮಾರು 1,000 ಟ್ರ್ಯಾಕ್ಟರ್ ಲೋಡ್ ಮಣ್ಣು ಹೊರಬೇಕು. ಆ ಮಣ್ಣು ಇಟ್ಟಿಗೆ ಗೂಡಿಗೆ ಹೋಯಿತೋ ಹೊಲಕ್ಕೆ ಹೋಯಿತೋ, ಪತ್ರದಲ್ಲಿ ಬರೆದಿಲ್ಲ. ಮರಳು ಮಿಶ್ರಿತ ಕೆಂಪು ಹೊಲಕ್ಕೆ ಎಕರೆಗೆ ಹದಿನೈದಿಪ್ಪತ್ತು ಲೋಡ್ ಗೋಡು ಹೊಡೆದರೆ ರಾಗಿ ಎರಡು ಮಳೆಯ ನಡುವೆ ಇನ್ನೂ ನಾಲ್ಕು ದಿನ ತಡೆದುಕೊಳ್ಳುತ್ತದೆ. ಹೊಲದಿಂದ ಕೊಚ್ಚಿ ಬಂದ ಮಣ್ಣನ್ನು ಹೊಲಕ್ಕೇ ವಾಪಸ್ ಕಳಿಸಿದಂತೆ.

ಚೆಕ್ ಡ್ಯಾಂ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪಕ್ಕದ ದಂಡೆ ಕೊರೆಯದಂತೆ ಕಲ್ಲು ಕಟ್ಟಿ, ಮಳೆಗಾಲಕ್ಕೆ ಮುಂಚೆ ಹಿಂದಿನ ಹೂಳು ತೆಗೆಯಿರಿ, ಸಾಕು. ಮೂರನೆಯದು ಕಟ್ಟಬೇಡಿ.

ಇನ್ನು ಸಸಿ. ಜೂನ್ 5 ಮಲೆನಾಡಿಗೆ, ಕರಾವಳಿಗೆ ಸರಿಯಾದ ದಿನ. ನಮಗೆ ಮೇ ತಿಂಗಳಲ್ಲಿ ಒಂದಷ್ಟು ಹದ ಮಳೆ, ಆಮೇಲೆ ಜೂನ್ ಜುಲೈಯಲ್ಲಿ ಬರೀ ಗಾಳಿ ಮೋಡ, ನಿಜವಾದ ಮಳೆ ಉತ್ತರೆ, ಹಸ್ತ, ಚಿತ್ತೆಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ. ಫೋಟೊಗೆ ನೆಟ್ಟ ಸಸಿ ಆಷಾಢದ ಗಾಳಿಗೇ ಒಣಗುತ್ತದೆ. ಮೇ ಹದದಲ್ಲಿ ಗುಂಡಿ ತೆಗೆದು ಬಿಸಿಲಿಗೆ ಬಿಡಿ, ಪುಷ್ಯ, ಆಶ್ಲೇಷ ಮಳೆಯಲ್ಲಿ (ಜುಲೈ ಕೊನೆ, ಆಗಸ್ಟ್ ಮೊದಲು) ನೆಡಿ, ಮೊದಲ ಬೇಸಿಗೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಕೊಡ ಹಾಕಿ. 2,000 ಬೇಡ, 300 ಸಾಕು: ಹೊಂಗೆ, ಬೇವು, ಹಿಪ್ಪೆ, ನೇರಳೆ, ಹುಣಸೆ, ಅತ್ತಿ. ಎಣಿಸುವುದು ನೆಟ್ಟ ದಿನ ಅಲ್ಲ, ಎರಡು ಬೇಸಿಗೆ ಕಳೆದ ಮೇಲೆ.

ಜಾಗದ ಬಗ್ಗೆ ನನಗೆ ತಕರಾರು ಇದೆ. ಗೋಮಾಳದ ಹುಲ್ಲುಗಾವಲನ್ನು ಬಂಜರು ಅಂತ ತಿಳಿದು ಗುಂಡಿ ತೋಡಿದಿರಿ. ಕುರಿಯವರು ಏನೂ ಅನ್ನಲಿಲ್ಲವೇ? ಹುಲ್ಲು ಹಿಡಿದ ನೆಲ ಮಣ್ಣನ್ನು ಬಿಡುವುದಿಲ್ಲ, ಬಿದ್ದ ನೀರನ್ನು ನಿಧಾನ ಕೆಳಗಿಳಿಸುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಒಂದು ಸಲ ಹೋಗಿ ಬನ್ನಿ. ಸುಮಾರು 800 ಎಕರೆ ಬಯಲು, ಕೃಷ್ಣಮೃಗಗಳು ಮೇಯುತ್ತವೆ, 2007ರಿಂದ ಅದು ಸಂರಕ್ಷಿತ ಪ್ರದೇಶ. ಅಲ್ಲಿ ಉಳಿಸುತ್ತಿರುವುದು ಹುಲ್ಲನ್ನು. ನಿಮ್ಮ ಮರಗಳಿಗೆ ಕೆರೆಯ ಅಂಚು, ಹಳೇ ಗುಂಡುತೋಪು, ಹೊಲದ ಬದು, ದಾರಿ ಬದಿ ಬೇಕಾದಷ್ಟಿದೆ. ಏರಿ ಮೇಲೆ ಮಾತ್ರ ಬೇಡ, ಬೇರು ಸತ್ತಾಗ ಅದೇ ತೂತಿನಲ್ಲಿ ನೀರು ಸೋರುತ್ತದೆ.

ನೀಲಗಿರಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು, ನೆಲದ ನೀರನ್ನು ಹೀರುವ ಮರ ಅದು. 1790ರ ಸುಮಾರಿಗೆ ಟಿಪ್ಪು ನಂದಿ ಬೆಟ್ಟದಲ್ಲಿ ನೆಡಿಸಿದ್ದು ಒಂದಷ್ಟು ಮರ, ಕುತೂಹಲಕ್ಕೆ. ನಮ್ಮ ಹೊಲ ತುಂಬಿದ್ದು 1980ರ ದಶಕದ ಸಾಮಾಜಿಕ ಅರಣ್ಯದಿಂದ. ಕೂಲಿ ಸಿಗದವರು, ಬೆಂಗಳೂರು ಸೇರಿದವರು ರಾಗಿ ಹೊಲಕ್ಕೆ ನೀಲಗಿರಿ ಇಟ್ಟು ಹೋದರು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಹಳೇ ಬುಡ ಕಡಿದಷ್ಟೂ ಚಿಗುರುತ್ತದೆ. ನಿಮ್ಮ ಕೆರೆಗೆ ಇಳಿಯುವ 500 ಎಕರೆಯಲ್ಲಿ ನೀಲಗಿರಿ ಎಷ್ಟಿದೆ ಅಂತ ನಡೆಯುವಾಗಲೇ ಗುರುತು ಹಾಕಿಕೊಳ್ಳಿ. ಒಂದೇ ವರ್ಷದಲ್ಲಿ ಬುಡ ಕೀಳಿಸಲು ಆಗದು, ಮಾಲೀಕರಿಗೆ ಬುಡ ಕೀಳುವ ಜೆಸಿಬಿ ಬಾಡಿಗೆಯ ಅರ್ಧ ಕೊಡುತ್ತೇವೆ ಅಂದರೆ ಕೆಲವರಾದರೂ ಮುಂದೆ ಬಂದಾರು. ಆ ದುಡ್ಡು ಸಸಿಗೆ ಸುರಿಯುವುದಕ್ಕಿಂತ ಮೇಲು ಅಂತ ನನ್ನ ಅಭಿಪ್ರಾಯ.

ಬೋರ್‌ವೆಲ್ ಏರಲಿಲ್ಲ ಅಂದಿರಿ. ನಮ್ಮ ಕೆಳಗಿರುವುದು ಗಟ್ಟಿ ಕಲ್ಲು. ಕೆರೆಯಿಂದ ಇಂಗಿದ ನೀರು ಮೊದಲು ತುಂಬುವುದು ಮೇಲಿನ ಮೆತ್ತನೆ ಪದರವನ್ನು, ಹಳೇ ತೆರೆದ ಬಾವಿಗಳು ಇರುವ ಆಳವನ್ನು. 1,200 ಅಡಿಯ ಬೋರ್ ಕುಡಿಯುವುದು ಕಲ್ಲಿನ ಬಿರುಕಿನಿಂದ. ಅಲ್ಲಿಗೆ ಒಂದು ಮಳೆಗಾಲದ ನೀರು ಇಳಿಯುವುದು ಅಪರೂಪ. ಆದ್ದರಿಂದ ಬೋರಿನ ನೀರು ನೋಡಿ ಕೆಲಸ ಅಳೆಯಬೇಡಿ. ಕೆರೆ ಕೆಳಗಿನ ಐದಾರು ಪಾಳು ಬಾವಿ ಆರಿಸಿ, ಹಗ್ಗಕ್ಕೆ ಕಲ್ಲು ಕಟ್ಟಿ, ಪ್ರತಿ ತಿಂಗಳ 1ನೇ ತಾರೀಕು ಅಳೆದು ಬರೆದಿಡಿ. ಶಾಲೆ ಅಂಗಳದಲ್ಲಿ ಒಂದು ಮಳೆಮಾಪಕ ಇಡಿ. ಅಂತರ್ಜಲ ಉಳಿಸುವ ಕೇಂದ್ರದ ಅಟಲ್ ಭೂಜಲ ಯೋಜನೆಯಲ್ಲಿ ನಮ್ಮ ಕಡೆಯ ಪಂಚಾಯಿತಿಗಳಿಗೆ ನೀರಿನ ಆಯವ್ಯಯ ಮಾಡಿದ್ದರು, ಆ ಕಡತ ನಿಮ್ಮ ಪಂಚಾಯಿತಿ ಬೀರುವಿನಲ್ಲಿ ಇದ್ದೀತು, ಧೂಳು ಕೊಡವಿ ನೋಡಿ.

ಜೊತೆಗೆ ಒಂದು ಕಹಿ ಮಾತು. ಹಿಪ್ಪುನೇರಳೆಗೆ ಡ್ರಿಪ್ ಹಾಕಿಸಿ ನೀರು ಉಳಿಸಿದೆವು ಅನ್ನುತ್ತಾರೆ. ಉಳಿದ ನೀರಿಗೆ ಪಕ್ಕದ ಅರ್ಧ ಎಕರೆ ಟೊಮೆಟೊ ಇಡುತ್ತಾರೆ. 10 ಎಚ್.ಪಿ.ವರೆಗೆ ಕರೆಂಟ್ ಬಿಟ್ಟಿ, ಮೋಟರ್ ಯಾಕೆ ನಿಲ್ಲಿಸಬೇಕು? ತೋಟದ ವಿಸ್ತೀರ್ಣ ಹೆಚ್ಚಿಸುವುದಿಲ್ಲ ಅಂತ ಮೂರೂರಿನವರು ಕೂತು ಮಾತಾಡದೆ ಹೋದರೆ ಡ್ರಿಪ್ ಪೈಪ್ ಮಾರುವವನಿಗಷ್ಟೇ ಲಾಭ. ನಿಮ್ಮ ತಾಲ್ಲೂಕಲ್ಲೇ ಕೆಲವರು ಮರ ಪದ್ಧತಿಯಲ್ಲಿ ಅಗಲ ಸಾಲಿಗೆ ಸೊಪ್ಪು ಬೆಳೆಯುತ್ತಾರಲ್ಲ, ಬೇರು ಆಳಕ್ಕಿಳಿದು ಕಡಿಮೆ ನೀರಲ್ಲೂ ನಿಲ್ಲುತ್ತದೆ. ಅಂಥವರ ತೋಟಕ್ಕೆ ಉಳಿದವರನ್ನು ಕರೆದುಕೊಂಡು ಹೋಗಿ.

ಎಚ್.ಎನ್. ವ್ಯಾಲಿಗೆ ಬರೋಣ. ಹೆಬ್ಬಾಳ–ನಾಗವಾರ ಕಣಿವೆಯ ದಿನಕ್ಕೆ 210 ದಶಲಕ್ಷ ಲೀಟರ್ ನೀರನ್ನು ಎರಡು ಹಂತ ಶುದ್ಧೀಕರಿಸಿ 65 ಕೆರೆಗೆ ತುಂಬಿಸುವ ಯೋಜನೆ ಅದು. ಅದಕ್ಕೂ ಮೊದಲು ಬೆಂಗಳೂರಿನದೇ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು, ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಮತ್ತೆ ಹರಿಯಿತು. ಅಂದಿನಿಂದ ಕೇಳುತ್ತಿರುವುದು ಮೂರನೇ ಹಂತದ ಶುದ್ಧೀಕರಣ. ಆ ಬೇಡಿಕೆ ನ್ಯಾಯವಾದದ್ದು. ಬತ್ತಿದ ಬಾವಿಗಳಲ್ಲಿ ನೀರು ಕಂಡದ್ದೂ ನಿಜ, ಅದನ್ನು ಅಲ್ಲಗಳೆಯುವವರು ಕೋಲಾರಕ್ಕೆ ಹೋಗಿ ನೋಡಿಲ್ಲ.

ನನ್ನನ್ನು ಕೇಳಿದರೆ, ಕೊಟ್ಟರೆ ತೆಗೆದುಕೊಳ್ಳಿ, ಆದರೆ ಕಣ್ಣು ಮುಚ್ಚಿಕೊಂಡು ಬೇಡ. ನೀರು ಬರುವ ಮೊದಲೇ ಕೆರೆ ಕೆಳಗಿನ ಬಾವಿ, ಬೋರುಗಳ ನೀರನ್ನು ಫ್ಲೋರೈಡ್, ನೈಟ್ರೇಟ್, ಭಾರಲೋಹಗಳಿಗೆ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಮೊದಲು ಹೇಗಿತ್ತು ಅಂತ ಗೊತ್ತಿಲ್ಲದಿದ್ದರೆ ಆಮೇಲೆ ಕೆಟ್ಟಿತು ಅಂತ ಯಾರ ಮುಂದೆ ವಾದಿಸುತ್ತೀರಿ? ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರುಗಳು ಈಗಲೇ ನಮ್ಮಲ್ಲಿ ಬೇಕಾದಷ್ಟಿವೆ. ಕುಡಿಯುವ ನೀರಿನ ಬೋರನ್ನು ಕೆರೆಯಿಂದ ದೂರಕ್ಕೆ ಸರಿಸಿ. ಕೆರೆಗೇ ಪಂಪ್ ಇಳಿಸಿ ಎತ್ತುವವರನ್ನು ಮೊದಲ ದಿನವೇ ತಡೆಯಿರಿ. ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ: ವರ್ಷವಿಡೀ ತುಂಬಿದ ಕೆರೆಗೆ ಹಸ್ತ ಮಳೆ ಬಂದರೆ ನೀರಿಗೆ ಜಾಗ ಎಲ್ಲಿ? ಮಳೆಗಾಲಕ್ಕೆ ಮುಂಚೆ ಮಟ್ಟ ಇಳಿಸುವ ಒಪ್ಪಂದ ಬರವಣಿಗೆಯಲ್ಲಿ ಇರಲಿ.

ನಿಮ್ಮ ಕೊನೆಯ ಪ್ರಶ್ನೆಗೆ ಇಲ್ಲೇ ಉತ್ತರ ಸಿಗುತ್ತದೆ. 2021ರ ನವೆಂಬರ್‌ನಲ್ಲಿ ನಮ್ಮ ಕಡೆ ಎಷ್ಟೋ ವರ್ಷ ಕೋಡಿ ಕಾಣದ ಕೆರೆಗಳು ಕೋಡಿ ಹರಿದವು, ದ್ರಾಕ್ಷಿ, ರಾಗಿ ನೀರಲ್ಲಿ ನಿಂತವು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಬಿಸಿಯಾದ ಗಾಳಿ ಹೆಚ್ಚು ನೀರಾವಿ ಹೊತ್ತು ಒಮ್ಮೆಗೇ ಸುರಿಯುತ್ತದೆ, ನಡುವಿನ ಒಣ ದಿನ ಉದ್ದವಾಗುತ್ತದೆ. ಅದೇ ಕೆರೆ ಎರಡನ್ನೂ ತಡೆಯಬೇಕು. ದೊಡ್ಡ ಮಳೆಗೆ ಕೋಡಿ ತೆರೆದಿರಬೇಕು, ಏರಿ ಗಟ್ಟಿ ಇರಬೇಕು. ಕೋಡಿಗೆ ಒಂದೂ ಮೂಟೆ ಇಡಿಸಬೇಡಿ, ಏರಿ ಒಡೆದರೆ ಕೆಳಗಿನ ಕೆರೆಯೂ ಒಡೆಯುತ್ತದೆ. ಒಣ ವರ್ಷಕ್ಕೆ ಹುರುಳಿ, ಅವರೆ, ರಾಗಿ ಬೀಜ ಮನೆಯಲ್ಲಿರಲಿ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಮಾಡುತ್ತಿದ್ದಾರೆ, ಹವಾಮಾನದ ಕೆಲಸ ಅಂದರೆ ಜನರ ಕಣ್ಣಿಗೆ ಬರುವುದು ಅದು. ತೆರೆದ ಕೋಡಿ, ಹರಿಯುವ ಕಾಲುವೆಯೂ ಅದೇ ಲೆಕ್ಕಕ್ಕೆ ಸೇರುತ್ತದೆ, ಉದ್ಘಾಟನೆಗೆ ಯಾರೂ ಬರುವುದಿಲ್ಲ ಅಷ್ಟೇ.

ನಕ್ಷೆ ಹಿಡಿದು ಬಿಸಿಲಲ್ಲಿ ನಡೆದದ್ದು ಅರ್ಧ ಕೆಲಸ. ಮುಂದಿನ ಜೋರು ಮಳೆ ಹಿಡಿದ ದಿನ, ಎಲ್ಲರೂ ಮನೆ ಸೇರಿದ ಹೊತ್ತಿಗೆ, ಇಬ್ಬರು ಹುಡುಗರನ್ನು ಕರೆದುಕೊಂಡು ಕೊಡೆ ಹಿಡಿದು ಕಾಲುವೆ ಮೇಲೆ ನಡೆಯಿರಿ. ನೀರು ಎಲ್ಲಿ ತಿರುಗುತ್ತದೆ ಅಂತ ಅದೇ ತೋರಿಸುತ್ತದೆ. ಸಿಡಿಲಿದ್ದರೆ ಹೋಗಬೇಡಿ. ಪ್ರತಿ ಮೋರಿಯ ಫೋಟೊ ತೆಗೆದು ನನಗೆ ಕಳಿಸಿ, ಜೊತೆಗೆ ಪೈಪಿನ ಬಾಯಿಗೂ ಕಾಲುವೆ ತಳಕ್ಕೂ ಎಷ್ಟು ಅಂತರ ಅಂತ ಸ್ಕೇಲ್ ಹಿಡಿದು ಅಳೆದು ಬರೆಯಿರಿ.